ಗಬ್ಬದ ಕುರಿಗಳಿಗೆ ಕೊಟ್ಟ ಮಾತು

ಗೋಕಾಕಕ್ಕೆ ಬಂದು ಕೆಲಸಕ್ಕೆ ಸೇರಿದ ವಾರದಲ್ಲೇ ನನ್ನ ಮುಂದೆ ಒಂದು ಹಳದಿ ಟಗರು ಬಂದು ನಿಂತಿತು. ಕೊಂಬಿನ ಬುಡದಿಂದ ಬಾಲದ ತುದಿಯವರೆಗೆ ಹಳದಿ. ಕಿವಿಯ ಒಳಗೂ ಹಳದಿ. ಓದಿದ್ದೆಲ್ಲ ಒಟ್ಟಿಗೇ ತಲೆಗೆ ನುಗ್ಗಿತು. ಇದು ಕಾಮಾಲೆಯೇ ಸರಿ ಎಂದುಕೊಂಡು ರೆಪ್ಪೆ ಎತ್ತಿ ಕಣ್ಣು ನೋಡಿದೆ, ತುಟಿ ಸರಿಸಿ ಒಸಡು ನೋಡಿದೆ. ಕಣ್ಣು ಬೆಳ್ಳಗಿತ್ತು, ಒಸಡು ಕೆಂಪಗಿತ್ತು. ನನ್ನ ಕೈ ಮಾತ್ರ ಮೊಣಕೈವರೆಗೆ ಹಳದಿಯಾಗಿತ್ತು.

“ಯಾವಾಗಿನಿಂದ ಹೀಗಿದೆ?” ಎಂದು ಗಂಭೀರವಾಗಿ ಕೇಳಿದೆ.

“ನಿನ್ನಿಯಿಂದ್ರಿ ಡಾಕ್ಟರ ಬಾಯಾರ,” ಎಂದ ಕುರಿಯವನು. “ನಿನ್ನಿ ನಮ್ಮ ದೇವರ ವಾರ ಇತ್ತಲ್ರಿ.”

ಆಸ್ಪತ್ರೆಯ ಸಹಾಯಕ ರುದ್ರಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. “ಬಾಯಾರ, ಅದು ಜಡ್ಡಲ್ರಿ. ಭಂಡಾರ. ಕುಂಟಾಕತ್ತೈತಿ ಅಂತ ತಂದಾರ, ಕಾಲ್ ನೋಡ್ರಿ, ಕಾಲ್!”

ಬಾಯಾರು ಎಂದರೆ ನಮ್ಮ ಕಡೆ ಮೇಡಮ್ಮು. ಭಂಡಾರ ಎಂದರೆ ಅರಿಶಿಣದ ಪುಡಿ. ಆದರೆ ಅದನ್ನು ಇಲ್ಲಿ ಬರೀ ಅರಿಶಿಣ ಎಂದರೆ ಜನ ಮುಖ ನೋಡುತ್ತಾರೆ. ಕುರಿ ಕಾಯುವ ಮನೆತನದವರಿಗೆ ಅದು ದೇವರೇ. ಹಣೆಗೆ ಹಚ್ಚುತ್ತಾರೆ, ಮಂದೆಯ ಮೇಲೆ ತೂರುತ್ತಾರೆ, ಜಗಳ ಬಗೆಹರಿಯದಿದ್ದರೆ ಅದನ್ನು ಮುಟ್ಟಿ ಆಣೆ ಮಾಡುತ್ತಾರೆ. ಭಂಡಾರ ಮುಟ್ಟಿ ಸುಳ್ಳು ಹೇಳಿದವನು ಉಳಿಯುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಮುಟ್ಟಲು ಹಿಂಜರಿದವನೇ ತಪ್ಪಿತಸ್ಥ ಎಂದು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ.

ಕೊಳ್ಳೇಗಾಲದ ಕಡೆಯ ಓದುಗರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ನಿಮ್ಮವಳೇ. ರೇಷ್ಮೆಗೂಡು ಬೇಯುವ ವಾಸನೆಯಲ್ಲಿ ಹುಟ್ಟಿ ಬೆಳೆದವಳು. ಅವ್ವ ಕುದಿಯುವ ನೀರಿನಲ್ಲಿ ಬೆರಳಾಡಿಸಿ ನೂಲು ತೆಗೆಯುತ್ತಿದ್ದಳು. ಅಪ್ಪ ಅದೇ ಒಲೆಗೆ ಸೌದೆ ಹೊರುತ್ತಿದ್ದ. ನಮ್ಮ ಕೇರಿ ಊರಿಗೆ ಸೇರಿಯೂ ಊರಿನಾಚೆ ಇತ್ತು, ನಿಮಗೆ ಗೊತ್ತು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದೂ ದನದ ಡಾಕ್ಟರು. ಈ ಮಾತನ್ನು ಮೆಲ್ಲಗೆ ಹೇಳುವ ಅಭ್ಯಾಸ ನನಗಿಲ್ಲ. ಹಾಸ್ಟೆಲಿನ ತೆಳುಸಾರು ಕುಡಿದು, ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡು, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಬರೆದು ಪಾಸಾದವಳು ನಾನು. ಜೋರಾಗಿಯೇ ಹೇಳುತ್ತೇನೆ.

ಗೋಕಾಕದಲ್ಲಿ ಮನೆ ಹುಡುಕುವುದು ಮಾತ್ರ ಆ ಪುಸ್ತಕಗಳಿಗಿಂತ ಕಷ್ಟವಾಯಿತು. “ಬರ್ರಿ, ಕುಂದರ್ರಿ, ಚಾ ತಗೋರಿ” ಎಂದು ಬಾಯ್ತುಂಬ ಕರೆಯುತ್ತಾರೆ. ನಮ್ಮ ಕಡೆ ಗೇಟಿನಲ್ಲೇ ನಿಲ್ಲಿಸಿ ಮಾತಾಡುತ್ತಾರಲ್ಲ, ಇಲ್ಲಿ ಹಾಗಲ್ಲ. ಚಹಾ ಅರ್ಧವಾಗುವ ಹೊತ್ತಿಗೆ “ನಿಮ್ದು ಯಾವ ಮಂದಿ?” ಎಂಬ ಪ್ರಶ್ನೆ ಬರುತ್ತದೆ. ನಾನು ಮುಚ್ಚಿಡುವವಳಲ್ಲ. ಹೇಳಿದ ಮೇಲೆ ಚಹಾ ಮುಗಿಯುತ್ತದೆ, ಮನೆಯೂ ಯಾರೋ ನೆಂಟರಿಗೆ ಮೀಸಲಾಗಿಬಿಡುತ್ತದೆ.

ಕೊನೆಗೆ ಗೌರವ್ವ ಸಿಕ್ಕಳು. ಗಂಡ ಬೆಲ್ಲದ ವ್ಯಾಪಾರ ಮಾಡುತ್ತಿದ್ದವರು, ಈಗಿಲ್ಲ. ಬಸವಣ್ಣನ ದಾರಿಯಲ್ಲಿ ನಡೆಯುವ ಮನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಅವಳೂ ಕೇಳಿದಳು, ನಾನೂ ಹೇಳಿದೆ. ಉತ್ತರಕ್ಕೆ ಕಾಯದೆ ನಾನು ಚೀಲ ಎತ್ತಿಕೊಂಡು ನಿಂತೆ.

“ನಳ ಮುಂಜಾನೆ ಬರ್ತೈತಿ. ಲಗೂನ ಎದ್ದು ನೀರು ಹಿಡಕೋಬೇಕು. ಆಮ್ಯಾಲೆ ನನ್ನ ಕೊಡದಾಗಿಂದು ಕೇಳಬ್ಯಾಡ,” ಎಂದಳು.

ಅಷ್ಟೇ. ಮನೆ ಸಿಕ್ಕಿತು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಉಳಿದದ್ದನ್ನೆಲ್ಲ ನಿಧಾನವಾಗಿ ಕಲಿತೆ. ಜೋಳದ ರೊಟ್ಟಿ ಬಡಿಯಲು ಹೋಗಿ ಭೂಪಟ ಮಾಡಿದೆ. “ಇದ್ಯಾವ ದೇಶ ಬೇ ತಂಗಿ?” ಎಂದು ಗೌರವ್ವ ಅದನ್ನು ಎತ್ತಿ ಹಿಡಿದು ಕೇಳುತ್ತಿದ್ದಳು. ರಾಗಿಮುದ್ದೆ ನೆನಪಾಗುತ್ತಿತ್ತು. ಊರಿನಿಂದ ತಂದ ರಾಗಿಹಿಟ್ಟು ತೀರಿದ ದಿನ ಖಾಲಿ ಡಬ್ಬಿಗೆ ಮೂಗಿಟ್ಟು ಕುಳಿತಿದ್ದೆ. ಅಲ್ಲಿ ಸಂಜೆಯಾದರೆ ಬೀದಿಯಲ್ಲಿ ಯಾರಾದರೂ “ಉಂಡ್ಯಾ?” ಎಂದು ಕೂಗಿ ಹೋಗುತ್ತಾರೆ. ಇಲ್ಲಿಯೂ ಕೇಳುತ್ತಾರೆ, ಆದರೆ ನನ್ನನ್ನು ಕೇಳುವವರು ಇನ್ನೂ ಹುಟ್ಟಿರಲಿಲ್ಲ. ಭಾನುವಾರ ಸುಮ್ಮನೆ ಮೂಡಲಗಿ ಬಸ್ಸು ಹತ್ತಿ, ಇಳಿದು, ಒಂದು ಚಹಾ ಕುಡಿದು, ಅದೇ ಬಸ್ಸಿನಲ್ಲಿ ತಿರುಗಿ ಬಂದದ್ದುಂಟು. ಬಸ್ಸಿನಲ್ಲಿ ಪಕ್ಕ ಕುಳಿತವರು ಮಾತಾಡಿಸುತ್ತಾರಲ್ಲ, ಅದಕ್ಕಾಗಿ.

ಈ ಒಂಟಿತನದಲ್ಲಿ ನಾನು ದಿನಾ ನೋಡುತ್ತಿದ್ದ ಒಂದು ದೃಶ್ಯವಿತ್ತು. ನೀರು ಹಿಡಿದಾದ ಮೇಲೆ ಗೌರವ್ವ ಸ್ನಾನ ಮಾಡಿ ಗೋಡೆಗೆ ಮುಖಮಾಡಿ ಕೂರುತ್ತಿದ್ದಳು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣನ್ನು ಅದರ ಮೇಲೆ ನೆಟ್ಟು. ಗಂಟೆಯಿಲ್ಲ, ಪೂಜಾರಿಯಿಲ್ಲ, ಮಂತ್ರವೂ ಹೊರಗೆ ಕೇಳಿಸದು. ಎದ್ದಾಗ ಅವಳ ಮುಖ ಈಗಷ್ಟೇ ತೊಳೆದಿಟ್ಟ ಪಾತ್ರೆಯಂತಿರುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಯುರಿಯುತ್ತಿತ್ತು. ನನ್ನ ಮುಂಜಾನೆಗಳು ಎದೆಬಡಿತದಿಂದ ಶುರುವಾಗುತ್ತಿದ್ದವು. ಇಂದು ಯಾವ ತಪ್ಪು ಮಾಡಿ ಯಾರ ಮುಂದೆ ನಗೆಪಾಟಲಾಗುತ್ತೇನೋ ಎಂದು.

ನನಗೆ ದೇವರಿಲ್ಲ. ಇದಕ್ಕೆ ಕಾರಣ ಪುಸ್ತಕವಲ್ಲ, ಒಂದು ತೆಂಗಿನಕಾಯಿ. ಹತ್ತನೆಯ ತರಗತಿಯಲ್ಲಿ ನಾನು ಒಳ್ಳೆಯ ಅಂಕ ತೆಗೆದ ದಿನ ಅಪ್ಪ ಕಾಯಿ ತಂದು, ನನ್ನನ್ನು ಕರೆದುಕೊಂಡು ಗುಡಿಯ ಮೆಟ್ಟಿಲ ಕೆಳಗೆ ನಿಂತ. ಪೂಜಾರಿ ಕಾಯಿ ಒಡೆದು ಅರ್ಧ ಹೋಳನ್ನು ಮೇಲಿನಿಂದಲೇ ಎಸೆದ. ಅದು ಅಪ್ಪನ ಕೈತಪ್ಪಿ ಉರುಳಿ ಚರಂಡಿಯ ಅಂಚಿಗೆ ಬಿತ್ತು. ಅಪ್ಪ ಎತ್ತಿಕೊಂಡು, ಅಂಗಿಗೆ ಒರೆಸಿ, ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ ತಿಂದ. ಪೂಜಾರಿ ಎಸೆದದ್ದಕ್ಕಿಂತ ಹೆಚ್ಚಾಗಿ ಅಪ್ಪನ ಮುಖದಲ್ಲಿ ಆಗ ಮೂಡಿದ ನೆಮ್ಮದಿಯನ್ನು ನಾನು ಕ್ಷಮಿಸಲಾರದೆ ಹೋದೆ. ಅಂದಿನಿಂದ ಯಾವ ದೇವರಿಗೂ ಕೈ ಮುಗಿಯಲಿಲ್ಲ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ. ಅವನ ತಿಥಿಯಲ್ಲೂ ಕೈ ಮುಗಿಯಲಿಲ್ಲ.

ಇಷ್ಟೆಲ್ಲ ಹೇಳಿದ್ದು ಬಾಳವ್ವನ ಕಥೆಗಾಗಿ.

ಚಳಿಗಾಲದಲ್ಲಿ ದಡ್ಡಿ ಎಂಬ ಊರಿನ ಕಡೆಯ ಒಂದು ಕುರಿಮಂದೆ ನಮ್ಮ ಭಾಗಕ್ಕೆ ಬಂದಿತ್ತು. ಬಾಳವ್ವ ಆ ಮಂದೆಯ ಒಡತಿ, ಹಲ್ಲಿಲ್ಲದ ಮುದುಕಿ. ಮಗ ಲಗಮಪ್ಪ ಕುರಿ ಕಾಯುತ್ತಿದ್ದ. ಕೊಯ್ಲಾದ ಹೊಲದಲ್ಲಿ ಕುರಿ ತರುಬುವುದು ಇಲ್ಲಿಯ ಪದ್ಧತಿ. ಅಂದರೆ ರಾತ್ರಿಯೆಲ್ಲ ಮಂದೆಯನ್ನು ಹೊಲದಲ್ಲೇ ಕೂಡುತ್ತಾರೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಅಷ್ಟರಲ್ಲಿ ಸುತ್ತಲ ಊರುಗಳ ಆಡು ಕುರಿಗಳಿಗೆ ಜ್ವರ, ಭೇದಿ ಶುರುವಾಗಿತ್ತು. ಬಾಯಲ್ಲಿ ಹುಣ್ಣಾಗಿ, ಮೇವು ಬಿಟ್ಟು, ಕೆಲವು ಸಾಯುತ್ತಿದ್ದವು. ಅದಕ್ಕೆ ಲಸಿಕೆ ಇದೆ. ನಾನು, ರುದ್ರಪ್ಪ ಐಸ್ ಡಬ್ಬಿ ಹೊತ್ತು ಹೋದೆವು.

ಬಾಳವ್ವ ಕಂಬಳಿಯ ಮೇಲೆ ಕುಳಿತು ಎಲೆಅಡಿಕೆ ಕುಟ್ಟುತ್ತಿದ್ದಳು. “ಸೂಜಿ ಒಲ್ಲೆವ್ರಿ,” ಎಂದಳು. ಸೂಜಿ ಎಂದರೆ ಇಂಜೆಕ್ಷನ್ನು. ಹಿಂದೊಮ್ಮೆ ಬೇರೆ ಸೀಮೆಯಲ್ಲಿ ಯಾರೋ ಬಂದು ಏನೋ ಸೂಜಿ ಮಾಡಿ ಹೋದ ಮೇಲೆ ಅವಳ ಗಬ್ಬದ ಕುರಿಗಳು ಕಂದು ಹಾಕಿದ್ದವಂತೆ, ತಿಂಗಳು ತುಂಬುವ ಮೊದಲೇ. ಈ ಸಲವೂ ಮಂದೆಯಲ್ಲಿ ಅರ್ಧಕ್ಕರ್ಧ ಗಬ್ಬದವೇ.

ಇದು ಬೇರೆ ಔಷಧ, ಗಬ್ಬದ ಕುರಿಗೂ ನಡೆಯುತ್ತದೆ ಎಂದು ವಿವರಿಸಿದೆ. ಮುದುಕಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಸೊಂಟದ ಚೀಲದಿಂದ ಭಂಡಾರ ತೆಗೆದು ಅಂಗೈಯಲ್ಲಿ ನನ್ನ ಮುಂದೆ ಹಿಡಿದಳು.

“ಇದನ್ನ ಮುಟ್ಟಿ ಹೇಳ್ರಿ, ನನ್ನ ಕುರಿಗೆ ಏನೂ ಆಗೂದಿಲ್ಲ ಅಂತ. ಈಗಿಂದೀಗ ಮಾಡಸ್ತೇನಿ.”

“ಮುಟ್ಟಿಬಿಡ್ರಿ ಬಾಯಾರ,” ಎಂದು ರುದ್ರಪ್ಪ ಕಿವಿಯಲ್ಲಿ ಹೇಳಿದ. “ನಿಮಗೇನು, ಅರಿಶಿಣ ಪುಡಿ ಅಷ್ಟ.”

ಅವನು ಹೇಳಿದ್ದು ಸರಿ. ನನಗೆ ಅದು ಅರಿಶಿಣದ ಪುಡಿ. ಮುಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು, ಮಂದೆಯೂ ಉಳಿಯುತ್ತಿತ್ತು. ಆದರೆ ನನಗೆ ಏನೂ ಅಲ್ಲದ್ದು ಅವಳಿಗೆ ಎಲ್ಲವೂ ಆಗಿತ್ತು. ಅದನ್ನು ಮುಟ್ಟಿದರೆ ನಾನು ಮೋಸ ಮಾಡುವುದು ದೇವರಿಗಲ್ಲ, ಅವನು ನನ್ನ ಪಾಲಿಗಿಲ್ಲ. ಎದುರು ಕುಳಿತ ಈ ಮುದುಕಿಗೆ. ಇನ್ನೊಂದು, ಏನೂ ಆಗುವುದಿಲ್ಲ ಎಂದು ಯಾವ ಡಾಕ್ಟರು ಹೇಳಬಲ್ಲರು? ಕುರಿ ತನ್ನಷ್ಟಕ್ಕೆ ತಾನೂ ಕಂದು ಹಾಕಬಹುದು.

“ಅಜ್ಜಿ, ನಾನು ದೇವರನ್ನು ನಂಬುವುದಿಲ್ಲ. ಮುಟ್ಟಿದರೂ ಅದು ಆಣೆಯಾಗುವುದಿಲ್ಲ,” ಎಂದೆ.

ಲಗಮಪ್ಪ ಎದ್ದು ನಿಂತ. “ನೋಡಬೇ ಯವ್ವಾ, ಕೈ ಹಿಂದಕ್ಕ ತಗೊಂಡ್ಳು! ನಾ ಹೇಳಿರಲಿಲ್ಲೇನು?”

ಬಾಳವ್ವ ಅವನಿಗೆ ಕೂರಲು ಸನ್ನೆ ಮಾಡಿದಳು. ನನ್ನನ್ನೇ ನೋಡುತ್ತಾ, ಸಿಟ್ಟಿಲ್ಲದೆ, ಬರೀ ತಿಳಿಯುವ ಆಸೆಯಿಂದ ಕೇಳಿದಳು: “ಹಂಗಾರ ನೀ ಅಂಜೂದು ಯಾರಿಗೆ, ತಂಗಿ?”

ಡಬ್ಬಿ ಹೊತ್ತು ಹಿಂದಿರುಗಿದೆವು.

ಮನೆಯಲ್ಲಿ ಗೌರವ್ವನಿಗೆ ಹೇಳಿದೆ. ದೇವರ ಪರವಾಗಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಂತ್ಯೆಸೊಪ್ಪು ಬಿಡಿಸುತ್ತಾ, “ನಾನೂ ಮುಟ್ಟತಿದ್ದಿಲ್ಲ ಬಿಡು. ನನಗ ಅಂಗೈಯಾಗಿಂದು ಒಂದ ಸಾಕು,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಆದ್ರ ಆಕಿ ನಿನ್ನ ಕೇಳಿದ್ದು ಭಂಡಾರದ್ದಲ್ಲ ತಂಗಿ. ಸೂಜಿ ಮಾಡಿ ಗಾಡಿ ಹತ್ತಿ ಹೋದಿ ಅಂದ್ರ, ನಾಳಿ ಏನರ ಆದ್ರ ನಿನ್ನ ಎಲ್ಲಿ ಹುಡುಕೂದು? ಅದನ್ನ ಕೇಳ್ಯಾಳ.”

ಮರುದಿನ ನಸುಕಿನಲ್ಲೇ ಐಸ್ ಡಬ್ಬಿ ಕಟ್ಟಿಕೊಂಡು ಒಬ್ಬಳೇ ಸ್ಕೂಟಿಯಲ್ಲಿ ಹೋದೆ. “ಅಜ್ಜಿ, ಏನೂ ಆಗುವುದಿಲ್ಲ ಎಂದು ಹೇಳಲಾರೆ. ಆದರೆ ಈ ಗಬ್ಬದ ಕುರಿಗಳು ಎಲ್ಲವೂ ಈಯುವವರೆಗೆ ದಿನಾ ಮುಂಜಾನೆ ಬರುತ್ತೇನೆ. ನೀವು ಎಲ್ಲಿ ಹೋದರೆ ಅಲ್ಲಿಗೆ. ಏನಾದರೂ ಆದರೆ ಎದುರಿಗೇ ಇರುತ್ತೇನೆ. ನನ್ನ ಕೈಯಲ್ಲಿರುವುದು ಇಷ್ಟೇ.”

“ಖರೇನ ಬರ್ತೀ?”

“ಬರ್ತೀನಿ.”

“ಮಳಿ ಬಂದ್ರ?”

“ನೆನೆದುಕೊಂಡು ಬರ್ತೀನಿ.”

ಮುದುಕಿ ಕಿಸಕ್ಕನೆ ನಕ್ಕಳು. “ಲಗಮ್ಯಾ, ಕುರಿ ಹಿಡಿಯೋ. ಈಕಿ ಭಂಡಾರಕ್ಕಿಂತ ತುಟ್ಟಿ ಬಿದ್ಲು!”

ಲಸಿಕೆ ಹಾಕಿ ಮುಗಿಯಿತು. ನನ್ನ ಮುಂಜಾನೆಗಳು ಬದಲಾದವು.

ಕಪ್ಪು ಮಣ್ಣಿನ ಮೇಲೆ ಇಬ್ಬನಿ, ಬಲೆಯ ಬೇಲಿಯೊಳಗೆ ಕುರಿಗಳ ಉಸಿರು ಹೊಗೆಯಂತೆ ಏಳುತ್ತಿತ್ತು. ನಾನು ಒಂದೊಂದು ಗಬ್ಬದ ಕುರಿಯ ಬಳಿ ಕುಳಿತು, ಹೊಟ್ಟೆಗೆ ಅಂಗೈ ಇಟ್ಟು ಕಾಯುತ್ತಿದ್ದೆ. ಒಳಗೆ ಮರಿ ಒದೆಯುತ್ತಿತ್ತು. ಒದೆಯದಿದ್ದರೆ ಇನ್ನಷ್ಟು ಕಾಯಬೇಕು. ಅವಸರ ಮಾಡಿದರೆ ಕುರಿ ಬೆದರುತ್ತದೆ. ಅದಕ್ಕಾಗಿ ಮೊದಲು ನನ್ನ ಉಸಿರು ನಿಧಾನವಾಗಬೇಕಿತ್ತು. ಮೊದಮೊದಲು ಡಾಕ್ಟರಾಗಿ ಕೈ ಇಡುತ್ತಿದ್ದೆ. ಬರಬರುತ್ತಾ ಏಕೆ ಇಡುತ್ತಿದ್ದೇನೆಂಬುದೇ ಮರೆಯಿತು. ಆ ಕೈಯ ಕೆಳಗಿನ ಚಲನೆಯೊಂದನ್ನು ಬಿಟ್ಟು ಬೇರೇನೂ ಇಲ್ಲದ ಗಳಿಗೆಗಳು ಬಂದವು. ಯಾರ ಮುಂದೆ ನಗೆಪಾಟಲಾಗುತ್ತೇನೋ ಎಂದು ಅಂಜುವ ನಾನೂ ಅಲ್ಲಿರುತ್ತಿರಲಿಲ್ಲ. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಪ್ರಾರ್ಥನೆ ಎನ್ನಲು ನಾಲಿಗೆ ಒಪ್ಪುವುದಿಲ್ಲ, ತಪಾಸಣೆ ಎಂದರೆ ಸುಳ್ಳಾಗುತ್ತದೆ. ಅಪ್ಪ ಕಣ್ಣು ಮುಚ್ಚಿ ತೆಂಗಿನಹೋಳು ತಿಂದಾಗ ಅವನಿಗೆ ಸಿಕ್ಕಿದ್ದು ಪೂಜಾರಿ ಎಸೆದದ್ದಲ್ಲ, ಬೇರೇನೋ ಇರಬೇಕು ಎಂದು ಆ ಹೊಲದಲ್ಲಿ ಮೊದಲ ಬಾರಿಗೆ ಅನಿಸಿತು. ಪೂಜಾರಿಯನ್ನು ಇಂದಿಗೂ ಕ್ಷಮಿಸಿಲ್ಲ. ಅಪ್ಪನನ್ನು ಕ್ಷಮಿಸಿದೆ. ಕ್ಷಮಿಸಲು ನಾನ್ಯಾರು ಎಂಬ ನಾಚಿಕೆಯೂ ಆಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಸ್ಕೂಟಿ ನಿಲ್ಲಿಸುವ ಮೊದಲೇ ಲಗಮಪ್ಪನ ದನಿ ಕೇಳಿತು. “ಬಂದ್ಳು ನೋಡ್ರಿ ಸೂಜಿ ಬಾಯಾರು!” ಒಂದು ಕುರಿ ಕಂದು ಹಾಕಿತ್ತು. ಕೂದಲೂ ಮೂಡದ ಮರಿ ಕಂಬಳಿಯ ಚೂರಿನ ಮೇಲೆ ಮಲಗಿತ್ತು. ಲಗಮಪ್ಪ ಅದನ್ನು ನನ್ನ ಕಾಲಬಳಿಗೆ ಸರಿಸಿದ. “ಹೇಳ್ರಿ ಈಗ. ಇದು ನಿಮ್ಮ ಸೂಜಿಯಿಂದನ ಹೌದೋ ಅಲ್ಲೋ?”

ಹಿಂದಿನ ವಾರ ಆ ಕುರಿಗೆ ಟಗರು ಗುದ್ದಿತ್ತು, ಅವನೇ ಹೇಳಿದ್ದ. ಅದನ್ನು ಮುಂದೆ ಮಾಡಿ ಬಚಾವಾಗಬಹುದಿತ್ತು. ನೋಡಿ, ನಮ್ಮಂಥವರಿಗೆ, ಮನೆಯಲ್ಲಿ ಮೊದಲು ಓದಿದವರಿಗೆ, ಗೊತ್ತಿಲ್ಲ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಒಮ್ಮೆ ಹೇಳಿದರೆ ಓದಿದ್ದೆಲ್ಲ ಕಸಿದುಕೊಂಡು ವಾಪಸು ಕಳಿಸುತ್ತಾರೆ ಎಂಬ ಹೆದರಿಕೆ ಒಳಗೇ ಇರುತ್ತದೆ.

“ಗೊತ್ತಿಲ್ಲ ಲಗಮಪ್ಪಣ್ಣ,” ಎಂದೆ. “ಸೂಜಿಯಿಂದ ಅಲ್ಲ ಅಂತ ನನಗೆ ಅನಿಸುತ್ತದೆ. ಟಗರು ಗುದ್ದಿದ್ದರಿಂದ ಇರಬಹುದು. ಆದರೆ ನಿಜವಾಗಿ ಏನು ಅಂತ ಗೊತ್ತಿಲ್ಲ.”

ಬೇರೆ ಮಾತಾಡದೆ ತೋಳೇರಿಸಿ ಕುರಿಯ ಬಳಿ ಕುಳಿತೆ. ಒಳಗುಳಿದ ಮಾಸು ಬೀಳುವವರೆಗೆ ನೋಡಿಕೊಂಡೆ, ತೊಳೆದೆ, ಔಷಧ ಕೊಟ್ಟೆ. ಅಂದು ಆಸ್ಪತ್ರೆಗೆ ತಡವಾಗಿ ಹೋದೆ. ಹೊರಡುವಾಗ ಬಾಳವ್ವ ರೊಟ್ಟಿಯ ಮೇಲೆ ಖಾರ ಹಚ್ಚಿ ಕೈಗಿಟ್ಟಳು. “ನಾಳಿ ಬಾ,” ಎಂದಳು. ಅಷ್ಟೇ ಅಂದದ್ದು. ಲಗಮಪ್ಪ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ನಾನು ಬರುವ ಹೊತ್ತಿಗೆ ನಾಯಿ ಕಟ್ಟಿಹಾಕುವುದನ್ನು ಮರೆಯಲಿಲ್ಲ. ಮತ್ತೊಂದು ಕುರಿ ಕಂದು ಹಾಕಲಿಲ್ಲ. ಪಕ್ಕದ ಊರುಗಳಲ್ಲಿ ರೋಗ ಓಡಾಡಿತು, ಈ ಮಂದೆಯೊಳಗೆ ಬರಲಿಲ್ಲ. ಆ ಮಾತನ್ನು ನಾವ್ಯಾರೂ ಬಾಯಿಬಿಟ್ಟು ಆಡಲಿಲ್ಲ.

ಬಿಸಿಲು ಬಲಿತಂತೆ ಮಂದೆ ಹಿಡಕಲ್ಲಿನ ಕಡೆ ಸರಿಯಿತು. ಅಲ್ಲಿ ಜಲಾಶಯದ ನೀರು ಹಿಂದೆ ಸರಿದ ಜಾಗದಲ್ಲಿ ಹಸಿರು ಚಿಗುರುತ್ತದೆ. ನನಗೆ ದಾರಿ ದೂರವಾಯಿತು. ಇನ್ನೂ ಬೇಗ ಏಳುತ್ತಿದ್ದೆ. ನೀರು ಹಿಡಿಯುವ ಕೆಲಸವನ್ನು ಗೌರವ್ವ ತಾನೇ ವಹಿಸಿಕೊಂಡಳು, “ನಿನ್ನ ಕುರಿ ಕೂಡ ನನಗೂ ಬಾಣಂತನ ಬಂತು ನೋಡು” ಎಂದು ಗೊಣಗುತ್ತಾ. ಮೊದಲ ಕುರಿ ಈದ ದಿನ ಬಾಳವ್ವ ಮಂದೆಯ ಮೇಲೆ ಭಂಡಾರ ತೂರಿದಳು. ಮಗನ ಹಣೆಗೆ ಹಚ್ಚಿದಳು, ದಾರಿಯಲ್ಲಿ ಹೋಗುತ್ತಿದ್ದ ಮೀನುಗಾರನನ್ನೂ ಕರೆದು ಹಚ್ಚಿದಳು. ನನ್ನ ಮುಂದೆ ಬಂದು ನಿಂತಳು. ತಡೆದಳು. ಕೈಯನ್ನು ಸೀರೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡು, ಒಂದು ಕಣವೂ ನನಗೆ ತಾಗದಂತೆ ನೋಡಿಕೊಂಡು, ಆ ಬರಿಗೈಯಲ್ಲಿ ನನ್ನ ಗದ್ದ ಹಿಡಿದಳು.

ಯಾರೂ ನನ್ನ ನಂಬಿಕೆಗೆ ಅಷ್ಟು ಮಡಿ ಮಾಡಿರಲಿಲ್ಲ, ನಂಬದಿರುವುದೂ ನಂಬಿಕೆಯಾದರೆ. ಆದರೂ ಅಲ್ಲಿದ್ದವರೆಲ್ಲರ ಹಣೆ ಹಳದಿಯಾಗಿರುವಾಗ ನನ್ನದೊಂದು ಖಾಲಿ ಇದ್ದದ್ದು ಹಿಂದಿರುಗುವ ದಾರಿಯುದ್ದಕ್ಕೂ ಚುಚ್ಚಿತು ಎಂಬುದನ್ನೂ ಹೇಳಬೇಕು.

ಇನ್ನೂ ಕೆಲವು ಕುರಿ ಈಯುವುದು ಬಾಕಿ ಇದ್ದಾಗ ವರ್ಗಾವಣೆಯ ಸುದ್ದಿ ಬಂತು. ಕೊಳ್ಳೇಗಾಲದ ಪಕ್ಕದಲ್ಲೇ ಜಾಗ ಖಾಲಿಯಾಗಿದೆ, ಒಪ್ಪಿದರೆ ಆ ವಾರವೇ ಹೋಗಿ ಸೇರಬೇಕು. ಇಲ್ಲಿಗೆ ಬಂದ ದಿನದಿಂದ ನಾನು ಕೇಳಿಕೊಂಡಿದ್ದು ಅದನ್ನೇ. ಅವ್ವನ ಕೈ ಬೆರಳು ಈಗ ಬಿಸಿನೀರಿಗೆ ಮರಗಟ್ಟಿವೆ, ಅವಳೊಬ್ಬಳೇ ಇದ್ದಾಳೆ, ಮನೆಗೆ ಸುಣ್ಣ ಬಳಿಸಿ ಕಾಯುತ್ತಿದ್ದಾಳೆ. ಬಾಳವ್ವನಿಗೆ ಹೇಳಿದರೆ “ಹೋಗವಾ, ತವರಮನಿ” ಎಂದು ತಾನೇ ಕಳಿಸುತ್ತಾಳೆ ಎಂದೂ ಗೊತ್ತಿತ್ತು. ಅದಕ್ಕೇ ಅವಳಿಗೆ ಹೇಳಲಿಲ್ಲ. ಅವ್ವನಿಗೆ ಫೋನು ಮಾಡಿದೆ.

“ಯಾವಾಗ್ ಬತ್ತೀಯ ಮಗ?” ಎಂದಳು. ಸುದ್ದಿ ಆಗಲೇ ಯಾರೋ ಮುಟ್ಟಿಸಿದ್ದರು.

“ಅವ್ವ, ಈ ಸಲ ಆಗಲ್ಲ. ಇಲ್ಲಿ ಒಬ್ಬರಿಗೆ ಮಾತು ಕೊಟ್ಟಿದ್ದೀನಿ.”

ಆ ಕಡೆ ಒಲೆಯ ಸದ್ದು ಕೇಳುತ್ತಿತ್ತು.

“ದೇವ್ರಿಗಾ?” ಎಂದಳು ಅವ್ವ. ಆ ದನಿಯಲ್ಲಿ ಎಷ್ಟೋ ವರ್ಷಗಳ ಆಸೆಯಿತ್ತು.

“ಇಲ್ಲ ಅವ್ವ. ಒಂದು ಮುದುಕಿಗೆ. ಅವಳ ಕುರಿಗಳಿಗೆ.”

ಮೂಗೊರೆಸಿಕೊಂಡ ಸದ್ದು.

“ಅಂಗಾರೆ ಉಳ್ಕೊ,” ಎಂದಳು. “ದೇವ್ರಾಗಿದ್ರೆ ಹೆಂಗೋ ಸಹಿಸ್ಕತಿದ್ದ. ಮುದ್ಕೀರು ಸಹಿಸ್ಕಳಕ್ಕಿಲ್ಲ.”

ಇಬ್ಬರೂ ನಕ್ಕೆವು. ಅಳುವೂ ಅದರಲ್ಲೇ ಸೇರಿತ್ತು. ಆ ಜಾಗಕ್ಕೆ ಬೇರೆ ಯಾರೋ ಬಂದು ಸೇರಿದರು. ಇನ್ನೊಂದು ಯಾವಾಗ ಖಾಲಿಯಾಗುತ್ತದೋ ಗೊತ್ತಿಲ್ಲ.

ಅಂದಿನಿಂದ ಅವ್ವನ ಫೋನು ದಿನಾ ಸಂಜೆ ಬರುತ್ತದೆ. ಮೊದಲಿನ ಹಾಗೆ ಊಟವಾಯಿತಾ ಎಂದು ಕೇಳುವುದಿಲ್ಲ. ನಾನು ಹಲೋ ಎನ್ನುವಷ್ಟರಲ್ಲೇ, ಕಾಣದ ಊರಿನ ಕಾಣದ ಮಂದೆಗೆ ಕಿವಿಗೊಟ್ಟವಳಂತೆ ದನಿ ತಗ್ಗಿಸಿ ಕೇಳುತ್ತಾಳೆ: “ಇವತ್ತು ಯಾವ್ದಾರ ಮರಿ ಹಾಕ್ತಾ?”